ಭೀಮಗಡದ ಕಾಡಿನಲ್ಲಿ ಅಭಯ ಯಾರಿಗೆ?

ಹಿಮ ಹೊದ್ದ ಪರ್ವತ, ಅದರ ಬುಡದಲ್ಲಿ ಕನ್ನಡಿಯಂತಹ ಸರೋವರ, ಸುತ್ತ ದಟ್ಟ ಹಸಿರು. ನ್ಯೂಜಿಲೆಂಡ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರವಿದು. ಎರಡು ದೊಡ್ಡ ದ್ವೀಪಗಳ ಆ ಚೆಲುವಿನ ದೇಶದಲ್ಲಿ 13 ರಾಷ್ಟ್ರೀಯ ಉದ್ಯಾನಗಳಿವೆ. ಅವುಗಳಲ್ಲಿ ಅತಿ ದೊಡ್ಡದಾದ ಫಿಯೊರ್ಡ್‌ಲ್ಯಾಂಡ್‌ನ ವಿಸ್ತೀರ್ಣ 12 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಅಂದರೆ ನಮ್ಮ ಇಡೀ ಬೆಳಗಾವಿ ಜಿಲ್ಲೆಗಿಂತ ತುಸು ಚಿಕ್ಕದು, ಅಷ್ಟೆ. ಅಲ್ಲಿಗೆ ಹೋಗಿ ಬಂದವರು ಆ ಕಾಡು, ಆ ಜಲಪಾತಗಳನ್ನು ಬಾಯಿ ತುಂಬ ವರ್ಣಿಸುವುದನ್ನು ನಾವೆಲ್ಲ ಕೇಳಿದ್ದೇವೆ.

ಆದರೆ ಬೆಳಗಾವಿಯ ನೆಹರು ನಗರದಿಂದ ಹೊರಟು ಊರು ದಾಟಿ, ಜಾಂಬೋಟಿಯ ದಿಕ್ಕಿಗೆ ಒಂದೂವರೆ ತಾಸು ಸಾಗಿದರೆ ಸಿಗುವ ಕಾಡಿನ ಬಗ್ಗೆ ನಮಗೆಷ್ಟು ಗೊತ್ತು? ಖಾನಾಪುರ ತಾಲ್ಲೂಕಿನ ಪಶ್ಚಿಮಕ್ಕೆ, ಗೋವೆಯ ಗಡಿಗೆ ಅಂಟಿಕೊಂಡು ಹಬ್ಬಿರುವ ಭೀಮಗಡ ವನ್ಯಜೀವಿ ಅಭಯಾರಣ್ಯ ಅದು. 190.42 ಚದರ ಕಿಲೋಮೀಟರಿನ ಈ ಕಾಡಿನಲ್ಲಿ ಹುಲಿ, ಚಿರತೆ, ಕರಡಿ, ಕಾಟಿ, ಕಾಡುನಾಯಿ, ಕೆಂಜಳಿಲುಗಳಿವೆ. ಮಂಗಟ್ಟೆ ಹಕ್ಕಿಗಳು ರೆಕ್ಕೆ ಬಡಿಯುವ ಸದ್ದಿದೆ. ಕಾಳಿಂಗ ಸರ್ಪವಿದೆ. ವಜ್ರಪೋಹ ಎಂಬ ಸೊಗಸಾದ ಜಲಪಾತವಿದೆ. ಇದಲ್ಲದೆ ಜಗತ್ತಿನ ಪ್ರಾಣಿಶಾಸ್ತ್ರಜ್ಞರೆಲ್ಲ ಬಲ್ಲ ಒಂದು ಗುಹೆಯಿದೆ. ಬೆಳಗಾವಿಯ ಬಹುಪಾಲು ಜನ ಮಾತ್ರ ಅದರ ಹೆಸರನ್ನೂ ಕೇಳಿಲ್ಲ.

ಈ ಕಾಡು ಹೇಗೆ ಉಳಿಯಿತು, ಯಾರಿಗಾಗಿ ಉಳಿಯಿತು, ಉಳಿಸುವ ಭಾರವನ್ನು ಯಾರು ಹೊತ್ತರು ಎಂಬುದು ಕುತೂಹಲದ ಇತಿಹಾಸ. ಆ ದ್ವೀಪ ದೇಶದ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ಅದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಕೊಡುಗೆಯಾಗಿ ಬಂದ ಶಿಖರಗಳು

ಪ್ರಕೃತಿಯ ಒಂದು ಭಾಗವನ್ನು ಗಡಿ ಹಾಕಿ ಕಾಯ್ದಿಡುವ ಕಲ್ಪನೆ ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಭಯವನದ ಮಾತು ಬರುತ್ತದೆ. ಮಲೆನಾಡಿನ ದೇವರಕಾಡುಗಳು, ಖಾನಾಪುರದ ಸೀಮೆಯಲ್ಲಿ ಮರಾಠಿ ಮಾತಾಡುವವರು ‘ದೇವರಾಯಿ’ ಎಂದು ಕರೆಯುವ ಬನಗಳು ಇದೇ ಕಲ್ಪನೆಯ ಜನಪದ ರೂಪಗಳು. ಆದರೆ ‘ರಾಷ್ಟ್ರೀಯ ಉದ್ಯಾನ’ ಎಂಬ ಕಾಯಿದೆಬದ್ಧ ವ್ಯವಸ್ಥೆ ಹುಟ್ಟಿದ್ದು 1872ರಲ್ಲಿ, ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ.

ಇದಾದ 15 ವರ್ಷಗಳಿಗೆ, 1887ರಲ್ಲಿ, ನ್ಯೂಜಿಲೆಂಡ್‌ನ ಮಾವೊರಿ ಬುಡಕಟ್ಟಿನ ನಾಯಕ ಹೊರೊನುಕು ತೆ ಹೆಉಹೆಉ ತನ್ನ ಜನರ ಪಾಲಿಗೆ ಪವಿತ್ರವಾಗಿದ್ದ ಮೂರು ಜ್ವಾಲಾಮುಖಿ ಶಿಖರಗಳನ್ನು ಬ್ರಿಟಿಷ್ ರಾಣಿಯ ಸರ್ಕಾರಕ್ಕೆ ಒಪ್ಪಿಸಿದ. ಬಿಳಿಯ ವಲಸಿಗರು ಜಮೀನುಗಳನ್ನು ತುಂಡು ತುಂಡಾಗಿ ಕೊಳ್ಳುತ್ತಿದ್ದ ಕಾಲ ಅದು. ಶಿಖರಗಳೂ ಹರಿದು ಹಂಚಿಹೋಗಬಾರದೆಂಬುದು ಆತನ ಕಳಕಳಿಯಾಗಿತ್ತು. ಹಾಗೆ ಹುಟ್ಟಿದ ಟೊಂಗಾರಿರೊ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ಅದನ್ನು ಸ್ಥಾಪಿಸುವ ಕಾಯಿದೆ ಬಂದದ್ದು 1894ರಲ್ಲಿ.

ಆ ಕೊಡುಗೆಯ ಅರ್ಥವೇನು ಎಂಬ ಚರ್ಚೆ ನೂರು ವರ್ಷ ಕಳೆದರೂ ನಿಂತಿಲ್ಲ. ಆತ ಕೊಟ್ಟದ್ದು ಕೈ ತೊಳೆದುಕೊಳ್ಳುವ ದಾನವೋ, ಕೂಡಿ ಕಾಯೋಣ ಎಂಬ ಒಪ್ಪಂದವೋ? ಮಾವೊರಿ ಜನ ಎರಡನೆಯದೆಂದೇ ವಾದಿಸುತ್ತ ಬಂದಿದ್ದಾರೆ. ಹಾಗಿದ್ದರೂ ಒಂದು ಮಾತು ನಿಜ: ಅಲ್ಲಿ ಮೊದಲ ಉದ್ಯಾನದ ಮೊದಲ ಪುಟದಲ್ಲಿ ಆ ನೆಲದ ಜನರ ಹೆಸರಿದೆ. ನಮ್ಮ ಕಾಡುಗಳ ಮೊದಲ ಪುಟದಲ್ಲಿ ಯಾರ ಹೆಸರಿದೆ?

ಕೋಟೆಯ ಕಾಡು, ಕಟ್ಟಿಗೆಯ ಕಾಡು

ಖಾನಾಪುರದ ಸೀಮೆ ನಿರ್ಜನ ಅರಣ್ಯವಾಗಿ ಎಂದೂ ಇದ್ದದ್ದಲ್ಲ. ಇದೇ ತಾಲ್ಲೂಕಿನ ಹಲಸಿ, ಕದಂಬರ ಕಾಲದ ಪಲಾಶಿಕಾ. ಬನವಾಸಿಯ ನಂತರ ಆ ಅರಸರ ಎರಡನೆಯ ರಾಜಧಾನಿಯೆಂದು ಹೆಸರಾದ ಊರು ಅದು. ಘಟ್ಟದ ಮೇಲಿನ ನಾಡಿಗೂ ಕೆಳಗಿನ ಗೋವೆಯ ಬಂದರುಗಳಿಗೂ ನಡುವಣ ದಾರಿಗಳು ಈ ಕಾಡನ್ನು ಹಾಯ್ದೇ ಹೋಗುತ್ತಿದ್ದವು. ಹಾಗಾಗಿ ದಾರಿ ಕಾಯುವ ಕೋಟೆಗಳೂ ಬೇಕಾದವು. ಕಡಿದಾದ ಬಂಡೆಯ ಮೇಲೆ ನಿಂತ ಭೀಮಗಡವನ್ನು ಶಿವಾಜಿಯ ಕಾಲದ್ದೆಂದು ಹೇಳುವುದು ರೂಢಿ. ಕೆಳಗೆ ಪೋರ್ಚುಗೀಸರು ಗೋವೆಯಲ್ಲಿ ಬೇರೂರಿದ್ದ 17ನೆಯ ಶತಮಾನದಲ್ಲಿ ಇಂತಹ ನೆಲೆಯೊಂದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ಪ್ರದೇಶ ಇಂಗ್ಲಿಷರ ಕೈಸೇರಿತು. ಕಿತ್ತೂರಿನ ಪತನದ ನಂತರ ಸಂಗೊಳ್ಳಿ ರಾಯಣ್ಣನಿಗೆ ಆಸರೆಯಾದದ್ದು ಇದೇ ಸೀಮೆಯ ಕಾಡುಗಳು. ಅವನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡವೂ ಖಾನಾಪುರ ತಾಲ್ಲೂಕಿನದೇ. ಬಂಡಾಯಗಾರನಿಗೆ ಅಡಗುದಾಣವಾಗಿದ್ದ ಕಾಡು ಆಳುವವರ ಕಣ್ಣಿಗೆ ಬೇರೆಯಾಗಿಯೇ ಕಂಡಿತು. ಮೊದಲು ಅಪಾಯದ ತಾಣವಾಗಿ, ಬಳಿಕ ಆದಾಯದ ಮೂಲವಾಗಿ.

ಮುಂಬಯಿ ಪ್ರಾಂತ್ಯಕ್ಕೆ ಡಾ. ಅಲೆಕ್ಸಾಂಡರ್ ಗಿಬ್ಸನ್ ಎಂಬಾತ ಅರಣ್ಯಾಧಿಕಾರಿಯಾಗಿ ನೇಮಕವಾದದ್ದು 1847ರಲ್ಲಿ. ಹಡಗು ಕಟ್ಟಲು ಸಾಗವಾನಿ ಬೇಕಿತ್ತು. ರೈಲು ಬಂದ ಮೇಲೆ ಹಳಿಗಳ ಕೆಳಗೆ ಹಾಸುವ ದಿಮ್ಮಿಗಳಿಗೆ ಮಿತಿಯೇ ಇರಲಿಲ್ಲ. 1865ರ ಅರಣ್ಯ ಕಾಯಿದೆಯನ್ನು 1878ರ ಕಾಯಿದೆ ಮತ್ತಷ್ಟು ಬಿಗಿಗೊಳಿಸಿತು. ಅದರ ಪ್ರಕಾರ ‘ಕಾಯ್ದಿಟ್ಟ ಅರಣ್ಯ’ ಸರ್ಕಾರದ ಸ್ವತ್ತು. ಅಲ್ಲಿ ಸರ್ಕಾರ ಬರೆದುಕೊಟ್ಟದ್ದನ್ನು ಬಿಟ್ಟರೆ ಬೇರೆ ಯಾವ ಹಕ್ಕೂ ಇಲ್ಲ. ಗುಡ್ಡದ ಓರೆಯಲ್ಲಿ ಸೊಪ್ಪು ಸವರಿ, ಸುಟ್ಟು, ರಾಗಿ ಬಿತ್ತಿ, ಮತ್ತೆ ವರ್ಷಗಟ್ಟಲೆ ಆ ನೆಲವನ್ನು ಕಾಡಿಗೇ ಬಿಡುತ್ತಿದ್ದ ಕುಮರಿ ಬೇಸಾಯ ಅಧಿಕಾರಿಗಳ ಕಣ್ಣಿಗೆ ಅಪರಾಧವಾಯಿತು. ಎಮ್ಮೆ ಮೇಯಿಸಿ ಹಾಲು ಬೆಣ್ಣೆ ಮಾರುತ್ತಿದ್ದ ಗೌಳಿಗಳು, ಕುಮರಿ ಮಾಡುತ್ತಿದ್ದ ಕುಣಬಿಗಳು ತಾವು ಹುಟ್ಟಿ ಬೆಳೆದ ಕಾಡಿನಲ್ಲೇ ಅಪ್ಪಣೆ ಬೇಡುವವರಾದರು.

1880ರ ದಶಕದಲ್ಲಿ ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಮರ್ಮಗೋವಾ ಬಂದರಿಗೆ ರೈಲು ಸಂಪರ್ಕ ಏರ್ಪಟ್ಟಿತು. ಕಾಡಿನ ನಡುವಣ ಲೋಂಡಾ ಜಂಕ್ಷನ್ ಆಗಿ ಬೆಳೆಯಿತು. ಕಟ್ಟಿಗೆಯ ಸಾಗಾಟ ಸುಲಭವಾಯಿತು. ಅಂದಿನ ‘ಸಂರಕ್ಷಣೆ’ ಎಂಬ ಪದಕ್ಕೆ ಮುಂದಿನ ವರ್ಷವೂ ಕಡಿಯಲು ಮರ ಉಳಿದಿರಬೇಕು ಎಂಬುದಕ್ಕಿಂತ ಹೆಚ್ಚಿನ ಅರ್ಥವಿರಲಿಲ್ಲ. ಹುಲಿಯನ್ನು ಕೊಂದವರಿಗೆ ಬಹುಮಾನ ಕೊಡುತ್ತಿದ್ದ ದಿನಗಳವು ಎಂಬುದನ್ನು ನೆನೆದರೆ ಇದು ಮನದಟ್ಟಾಗುತ್ತದೆ.

ಒಂದು ಬಾವಲಿಯ ಕಥೆ

ಈ ಕಾಡು ಜಗತ್ತಿನ ವಿಜ್ಞಾನದ ಪುಸ್ತಕ ಸೇರಿದ್ದು ಹುಲಿಯಿಂದಲ್ಲ, ಒಂದು ಬಾವಲಿಯಿಂದ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ 20ನೆಯ ಶತಮಾನದ ಎರಡನೆಯ ದಶಕದಲ್ಲಿ ಭಾರತದ ಸಸ್ತನಿಗಳ ಸಮೀಕ್ಷೆಯೊಂದನ್ನು ಕೈಗೊಂಡಿತು. ಅದರ ಮುಂದಾಳುಗಳಲ್ಲಿ ಒಬ್ಬರು ಆರ್.ಸಿ. ರಾಟನ್. ಮುಂಬಯಿ ಪ್ರಾಂತ್ಯದಲ್ಲಿ ಅರಣ್ಯಾಧಿಕಾರಿಯಾಗಿ ದುಡಿದವರು. ಆ ಕಾಲದಲ್ಲಿ ತಳೇವಾಡಿಯ ಬಳಿಯ ಬಾರಾಪೇಡೆ ಗುಹೆಯಲ್ಲಿ ಸಿಕ್ಕ ಬಾವಲಿಯೊಂದು ಲಂಡನ್ನಿನ ವಸ್ತುಸಂಗ್ರಹಾಲಯ ತಲುಪಿತು. ಉದ್ದನೆಯ ದೊಡ್ಡ ಕಿವಿ, ಕಪ್ಪುಗಂದು ಮೈ, ಕತ್ತಿನ ಹಿಂದೆ ಬೂದುಬಿಳಿಯ ಪಟ್ಟಿ. ಇದುವರೆಗೆ ಯಾರೂ ವರ್ಣಿಸದ ಜಾತಿ ಎಂದು ಆಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಪ್ರಕಟಿಸಿದರು. ಅದಕ್ಕೆ ರಾಟನ್ನರ ಹೆಸರನ್ನೇ ಇಟ್ಟರು.

ಆಮೇಲೆ ಸುಮಾರು 85 ವರ್ಷಗಳ ಕಾಲ ಈ ಬಾವಲಿ ಜಗತ್ತಿನಲ್ಲಿ ಬೇರೆಲ್ಲಿಯೂ ಕಂಡುಬರಲಿಲ್ಲ. ಇಡೀ ಭೂಮಂಡಲದಲ್ಲಿ ಇದಕ್ಕಿದ್ದ ಗೊತ್ತಿರುವ ವಿಳಾಸ ಒಂದೇ: ಖಾನಾಪುರ ತಾಲ್ಲೂಕಿನ ಒಂದು ಗುಹೆ. ಕೊನೆಗೆ 2000ದ ಆಸುಪಾಸಿನಲ್ಲಿ ಕಾಂಬೋಡಿಯಾದಲ್ಲಿ, ಬಳಿಕ ನಮ್ಮ ಮೇಘಾಲಯದಲ್ಲಿ ಇದರ ಇರವು ತಿಳಿದುಬಂತು. ಬಾವಲಿಯೆಂದರೆ ಮೂಗು ಮುರಿಯುವ ನಮ್ಮ ನಾಡಿನಲ್ಲಿ ಹುಲಿ ಆನೆಗಳ ಸಾಲಿನಲ್ಲಿ, ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಸ್ಥಾನ ಪಡೆದ ಬಾವಲಿಗಳು ಬಲು ಅಪರೂಪ. ಅವುಗಳಲ್ಲಿ ಇದೊಂದು.

ಸ್ವಾರಸ್ಯವೆಂದರೆ, ನ್ಯೂಜಿಲೆಂಡ್‌ನಲ್ಲಿ ಮನುಷ್ಯ ಕಾಲಿಡುವ ಮುನ್ನ ನೆಲದ ಮೇಲೆ ಬದುಕಿದ್ದ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ಸಮುದ್ರ ದಾಟಲು ಬೇರೆ ಪ್ರಾಣಿಗಳಿಗೆ ರೆಕ್ಕೆಯಿರಲಿಲ್ಲ. ಸುತ್ತ ನೀರಿದ್ದರೆ ದ್ವೀಪ ಎನ್ನುತ್ತೇವೆ. ಸುತ್ತ ರಸ್ತೆ, ಗದ್ದೆ, ಗಣಿ, ಊರುಗಳಿದ್ದು ನಡುವೆ ಕಾಡು ಉಳಿದರೂ ಅದು ದ್ವೀಪವೇ. ಬಾರಾಪೇಡೆಯ ಗುಹೆಗೆ ಒಂದು ಬೇಸಗೆಯಲ್ಲಿ ಯಾರಾದರೂ ಹೊಗೆ ಹಾಕಿದರೆ, ಬಾವಲಿಗಳು ಹಾರಿಹೋಗಿ ನೆಲೆಸಲು ಇನ್ನೊಂದು ಗುಹೆ ಹತ್ತಿರದಲ್ಲಿದೆಯೆಂದು ಹೇಳಲಾಗದು.

ಅಣೆಕಟ್ಟು ಮತ್ತು ಉದ್ಯಾನ

ಭಾರತದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು 1936ರಲ್ಲಿ, ಇಂದಿನ ಕಾರ್ಬೆಟ್ ಉದ್ಯಾನವಾಗಿ. ಅದಕ್ಕೂ ಮೊದಲೇ, 1931ರಲ್ಲಿ, ಮೈಸೂರು ಸಂಸ್ಥಾನ ಬಂಡೀಪುರದಲ್ಲಿ ವನ್ಯಧಾಮವೊಂದನ್ನು ಮಾಡಿತ್ತು. ಅರಸರಿಗಾಗಿ ಕಾದಿರಿಸಿದ ಬೇಟೆಯ ಕಾಡುಗಳೇ ಹೀಗೆ ಕಾಲಕ್ರಮದಲ್ಲಿ ಪ್ರಾಣಿಗಳ ಧಾಮಗಳಾದವು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಖಾನಾಪುರದ ಕಾಡಿಗೆ ಆ ಭಾಗ್ಯವಿರಲಿಲ್ಲ. ಅದು ಕಟ್ಟಿಗೆಯ ಕಾಡಾಗಿಯೇ 1956ರಲ್ಲಿ ಹೊಸ ರಾಜ್ಯಕ್ಕೆ ಬಂತು. ಅದೇ ವರ್ಷ ನೆರೆಯ ದಾಂಡೇಲಿ ಅಭಯಾರಣ್ಯವಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇಡೀ ದೇಶಕ್ಕೆ ಒಂದು ಚೌಕಟ್ಟು ಕೊಟ್ಟಿತು. ಈ ಕಾಯಿದೆಯಲ್ಲಿ ಓದುಗರು ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ‘ರಾಷ್ಟ್ರೀಯ ಉದ್ಯಾನ’ದ ಒಳಗೆ ಜನರ ಯಾವ ಹಕ್ಕೂ ಉಳಿಯುವಂತಿಲ್ಲ, ದನ ಮೇಯಿಸುವುದೂ ನಿಷಿದ್ಧ. ‘ಅಭಯಾರಣ್ಯ’ದಲ್ಲಿ ಮಾತ್ರ, ಅಧಿಕಾರಿಗಳು ಒಪ್ಪಿದರೆ ಹಳೆಯ ಹಕ್ಕುಗಳಲ್ಲಿ ಕೆಲವು ಮುಂದುವರಿಯಬಹುದು. ನಕಾಶೆಯ ಮೇಲೆ ಎರಡೂ ಹಸಿರು ಬಣ್ಣದವೇ. ಒಳಗೆ ಮನೆಯಿದ್ದವನಿಗೆ ಮಾತ್ರ ಅವುಗಳ ನಡುವಣ ಅಂತರ ತಿಳಿಯುತ್ತದೆ.

ಕರ್ನಾಟಕದ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಬೆಳಗಾವಿಗೆ ಹತ್ತಿರದ್ದು ಜೊಯಿಡಾ ತಾಲ್ಲೂಕಿನ ಅಣಶಿ. 1987ರಲ್ಲಿ ಅದು ಉದ್ಯಾನವೆಂದು ಘೋಷಿತವಾಯಿತು. ಅದೇ ದಶಕದಲ್ಲಿ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು ಹಳೆಯ ಸೂಪಾ ಪೇಟೆಯನ್ನೂ ಅನೇಕ ಹಳ್ಳಿಗಳನ್ನೂ ವಿಶಾಲ ಕಾಡನ್ನೂ ನೀರೊಳಗೆ ಇಳಿಸಿತು. ಮನೆ ಕಳೆದುಕೊಂಡ ಅನೇಕರು ಖಾನಾಪುರದ ಅಂಚಿನ ರಾಮನಗರಕ್ಕೆ ಬಂದು ನೆಲೆಸಿದರು. ಒಂದೇ ನದಿಯ ಕಣಿವೆಯಲ್ಲಿ ಒಂದೆಡೆ ಕಾಡನ್ನು ಮುಳುಗಿಸಿ, ಇನ್ನೊಂದೆಡೆ ಉಳಿದದ್ದಕ್ಕೆ ಬೇಲಿ ಹಾಕಿದ ಕಾಲ ಅದು. ಮುಂದೆ 2007ರಲ್ಲಿ ದಾಂಡೇಲಿ ಮತ್ತು ಅಣಶಿ ಸೇರಿ ಹುಲಿ ಮೀಸಲು ಪ್ರದೇಶವಾದವು. 2015ರಲ್ಲಿ ಅದಕ್ಕೆ ‘ಕಾಳಿ’ ಎಂಬ ನದಿಯ ಹೆಸರು ಬಂತು.

ಎರಡು ಕಡಲಿನ ನೀರು

ಭೀಮಗಡದ ಸರದಿ ಬಂದದ್ದು ತಡವಾಗಿ. ಬೆಳಗಾವಿಯ ಪರಿಸರಾಸಕ್ತರು ವರ್ಷಗಟ್ಟಲೆ ಒತ್ತಾಯಿಸಿದ ಬಳಿಕ 2011ರ ಡಿಸೆಂಬರಿನಲ್ಲಿ ಅದು ಅಭಯಾರಣ್ಯವಾಯಿತು. ಈ ಹೋರಾಟದ ಹಿಂದೆ ಬಾವಲಿ, ಹುಲಿಗಳಷ್ಟೇ ಇರಲಿಲ್ಲ, ನೀರೂ ಇತ್ತು.

ಖಾನಾಪುರದ ಪಶ್ಚಿಮದ ನೆತ್ತಿಯ ಮೇಲೆ ಬೀಳುವ ಮಳೆ ಸಾಮಾನ್ಯವಾದುದಲ್ಲ. 2010ರಲ್ಲಿ ಆಮಗಾಂವದಲ್ಲಿ ದಾಖಲಾದ ಮಳೆ 10 ಸಾವಿರ ಮಿಲಿಮೀಟರನ್ನು ದಾಟಿತ್ತು. ಈ ನೀರಿಗೆ ಎರಡು ದಾರಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಣಕ್ಕೆ ಹರಿದು, ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ತಂಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ದೇಗಾಂವದ ಬಳಿ ಹುಟ್ಟುವ ಮಹದಾಯಿ ಪಡುವಣಕ್ಕಿಳಿದು, ಗೋವೆಯಲ್ಲಿ ಮಾಂಡವಿಯೆನಿಸಿ, ಪಣಜಿಯ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಹುಬ್ಬಳ್ಳಿ-ಧಾರವಾಡದ ನಲ್ಲಿಯಲ್ಲಿ ಬರುವ ನೀರಿಗೂ ಪಣಜಿಯ ದೋಣಿಗಳನ್ನು ತೇಲಿಸುವ ನೀರಿಗೂ ತವರು ಇದೇ ಕಾಡು.

ಕಳಸಾ-ಬಂಡೂರಿ ವಿವಾದ ಉತ್ತರ ಕರ್ನಾಟಕದ ಓದುಗರಿಗೆ ಹೊಸದೇನಲ್ಲ. 2010ರಲ್ಲಿ ರಚನೆಯಾದ ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಡಿ ನೀರನ್ನು ಹಂಚಿತು. ಯಾರ ಪಾಲೆಷ್ಟು ಎಂಬ ವಾದದಲ್ಲಿ ಎರಡೂ ರಾಜ್ಯಗಳ ಮಾತು ಬಿರುಸಾಗಿದೆ. ಆದರೆ ಮಳೆಯನ್ನು ಹಿಡಿದಿಟ್ಟು ಬೇಸಗೆಯವರೆಗೆ ಹನಿಹನಿಯಾಗಿ ಬಿಡುವ ಕಾಡಿನ ಪಾಲಿನ ಮಾತು ಆ ಗದ್ದಲದಲ್ಲಿ ಕೇಳಿಬರುವುದು ಕಡಿಮೆ. ಕಾಡು ಬತ್ತಿದರೆ ಹಂಚಿಕೊಳ್ಳಲು ಉಳಿಯುವುದಾದರೂ ಏನು?

ಹದಿಮೂರು ಹಳ್ಳಿಗಳು

ಇನ್ನು ಮನುಷ್ಯರ ಮಾತು. ಅಭಯಾರಣ್ಯದ ಒಳಗೆ 13 ಹಳ್ಳಿಗಳಿವೆ. ಗವಾಳಿ, ಪಾಸ್ತೋಳಿ, ಕೊಂಗಳಾ, ಕೃಷ್ಣಾಪುರ, ಮೆಂಡಿಲ್, ದೇಗಾಂವ, ಆಮಗಾಂವ, ತಳೇವಾಡಿ ಮುಂತಾದ ಈ ಊರುಗಳಲ್ಲಿ ಬಹುಪಾಲು ಮರಾಠಿ ಮಾತಾಡುವ, ಭತ್ತ ಬೆಳೆದು ದನ ಸಾಕಿ ಬದುಕುವ ಜನ. ಪಕ್ಕಾ ರಸ್ತೆ ಬೇಕೆಂದರೆ ಅರಣ್ಯ ಕಾಯಿದೆ ಅಡ್ಡ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹೊರಗಿನ ಲೋಕ ಬಂದ್. 2024ರ ಮಳೆಗಾಲದಲ್ಲಿ ಆಮಗಾಂವದ ಅನಾರೋಗ್ಯಪೀಡಿತ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆ ಕಟ್ಟಿ ಹೆಗಲ ಮೇಲೆ ಹೊತ್ತು, ಕಾಡಿನ ಕೆಸರು ದಾರಿಯಲ್ಲಿ ಕಿಲೋಮೀಟರುಗಟ್ಟಲೆ ನಡೆದು ರಸ್ತೆ ಮುಟ್ಟಿಸಿದ ಸುದ್ದಿ ರಾಜ್ಯದ ಗಮನ ಸೆಳೆಯಿತು. ನೆಹರು ನಗರದ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ದಿನವಿಡೀ ಆಂಬುಲೆನ್ಸುಗಳು ಬಂದು ನಿಲ್ಲುತ್ತವೆ. ಅದೇ ಜಿಲ್ಲೆಯ ಈ ಹಳ್ಳಿಗಳಿಗೆ ಮಳೆಗಾಲದಲ್ಲಿ ಆಂಬುಲೆನ್ಸು ಬಂದು ಮುಟ್ಟುವುದೇ ದುಸ್ತರ.

ಇದರ ಬಳಿಕ ಸ್ಥಳಾಂತರದ ಮಾತು ಬಿರುಸು ಪಡೆಯಿತು. ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರವೆಂದು ಸರ್ಕಾರ ಹೇಳಿತು. 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಅದರ ಮೊದಲ ಕಂತನ್ನು ವಿತರಿಸಲಾಯಿತು. ಬಾವಲಿಯ ಗುಹೆಗೆ ಹೆಸರಾದ ಅದೇ ತಳೇವಾಡಿ ಇದು.

ಹೊರಬರಬೇಕೇ, ಬೇಡವೇ? ಶಾಲೆ, ದವಾಖಾನೆ, ಬಸ್ಸಿನ ಆಸೆಯಿಂದ ಒಪ್ಪುವವರಿದ್ದಾರೆ. ಅವರನ್ನು ತಡೆಯುವುದು ಅನ್ಯಾಯ. ಹಿರಿಯರ ಗದ್ದೆ, ದೇವರ ಬನ ಬಿಟ್ಟು ಬರಲು ಒಲ್ಲದವರೂ ಇದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆ ಅವರ ಬೆನ್ನಿಗಿದೆ. ಅದರ ಪ್ರಕಾರ ಮೊದಲು ಹಕ್ಕುಗಳನ್ನು ಗುರುತಿಸಬೇಕು, ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು. ಸ್ಥಳಾಂತರದ ಮಾತು ಆಮೇಲಿನದು. ರಸ್ತೆ, ಔಷಧಗಳನ್ನು ತಡೆಹಿಡಿದು ಪಡೆದ ಒಪ್ಪಿಗೆಯನ್ನು ಸ್ವಇಚ್ಛೆಯೆಂದು ಕರೆಯಬಹುದೇ ಎಂಬ ಪ್ರಶ್ನೆಯನ್ನು ಕಾಡಿನ ಪರವಾಗಿರುವವರೂ ಕೇಳಿಕೊಳ್ಳಬೇಕು.

ಗಡಿ ಕಾಣದ ಹುಲಿ

ಜನರ ವಿಶ್ವಾಸವಿಲ್ಲದ ಸಂರಕ್ಷಣೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಡ. ಭೀಮಗಡದ ಗಡಿ ದಾಟಿದರೆ ಗೋವೆಯ ಮಹದಾಯಿ ಅಭಯಾರಣ್ಯ. 1999ರಲ್ಲಿ ಘೋಷಿತವಾದದ್ದು. 2020ರ ಜನವರಿಯಲ್ಲಿ ಅಲ್ಲಿನ ಸತ್ತರಿ ತಾಲ್ಲೂಕಿನಲ್ಲಿ ಒಂದು ಹೆಣ್ಣು ಹುಲಿ, ಅದರ ಮೂರು ಮರಿಗಳು, ಹೀಗೆ ನಾಲ್ಕು ಹುಲಿಗಳು ಕೆಲವೇ ದಿನಗಳ ಅಂತರದಲ್ಲಿ ಸತ್ತುಬಿದ್ದವು. ಹುಲಿ ಕೊಂದ ಜಾನುವಾರಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಒಂದು ಎಮ್ಮೆಯೇ ಆಸ್ತಿಯಾಗಿರುವ ಮನೆಯವನಿಗೆ ಅದು ಹೋದ ದಿನ ಪರಿಹಾರ ಸಿಗದಿದ್ದರೆ ಸಿಟ್ಟು ಎತ್ತ ತಿರುಗುತ್ತದೆಂಬುದನ್ನು ಆ ನಾಲ್ಕು ಹೆಣಗಳು ತೋರಿಸಿದವು.

ಹುಲಿಗೆ ರಾಜ್ಯಗಳ ಗಡಿ ತಿಳಿಯದು. ಕಾಳಿಯಿಂದ ಭೀಮಗಡದ ಮೂಲಕ ಮಹಾರಾಷ್ಟ್ರದ ರಾಧಾನಗರಿ, ಚಾಂದೋಲಿಗಳತ್ತ ಸಾಗುವ ಹಸಿರು ಓಣಿಯಲ್ಲಿ ಖಾನಾಪುರದ ಕಾಡು ಒಂದು ಕೊಂಡಿ. ಈ ಕೊಂಡಿ ಕಳಚಿದರೆ ಬಡಗಣದ ಕಾಡುಗಳು ನಿಜವಾಗಿಯೂ ದ್ವೀಪಗಳಾಗಿಬಿಡುತ್ತವೆ. ದ್ವೀಪವಾದ ಕಾಡಿನಲ್ಲಿ ಪ್ರಾಣಿ ಉಳಿದರೂ ಅದರ ಸಂತತಿ ಬಹುಕಾಲ ಬಾಳುವುದಿಲ್ಲ.

ನ್ಯೂಜಿಲೆಂಡ್ ಇತ್ತೀಚೆಗೆ ಇನ್ನೊಂದು ಹೆಜ್ಜೆ ಇಟ್ಟಿತು. 1954ರಿಂದ ರಾಷ್ಟ್ರೀಯ ಉದ್ಯಾನವಾಗಿದ್ದ ತೆ ಉರೆವೆರಾ ಎಂಬ ಕಾಡಿನಿಂದ 2014ರಲ್ಲಿ ಆ ಪಟ್ಟವನ್ನು ತೆಗೆದು, ಕಾಡನ್ನೇ ಕಾನೂನಿನ ದೃಷ್ಟಿಯಲ್ಲಿ ಒಂದು ‘ವ್ಯಕ್ತಿ’ ಎಂದು ಸಾರಿತು. ಹಿಂದೆ ಅಲ್ಲಿಂದ ಭೂಮಿ ಕಳೆದುಕೊಂಡಿದ್ದ ತುಹೋಯಿ ಜನರಿಗೆ ಅದರ ಆಡಳಿತ ಮಂಡಳಿಯಲ್ಲಿ ಪ್ರಧಾನ ಸ್ಥಾನ ಕೊಟ್ಟಿತು. ಅಲ್ಲಿಯೂ ಎಲ್ಲ ಸುಗಮವಾಗಿಲ್ಲ. ಚಾರಣಿಗರ ಹಳೆಯ ತಂಗುಮನೆಗಳನ್ನು ಕೆಡವಿದ ವಿಷಯ 2022ರಲ್ಲಿ ನ್ಯಾಯಾಲಯ ಹತ್ತಿತು. ಆದರೂ ಕಾಡು ಮತ್ತು ಕಾಡಿನ ಜನ ಎದುರಾಳಿಗಳೆಂದು ಭಾವಿಸಿ ನೂರೈವತ್ತು ವರ್ಷ ನಡೆದ ಆಡಳಿತಕ್ಕೆ ಬೇರೊಂದು ದಾರಿಯುಂಟೆಂಬುದನ್ನು ಅದು ತೋರಿಸಿದೆ.

ನಮ್ಮಲ್ಲಿ ಆ ದಾರಿ ಹೀಗೆಯೇ ಇರಬೇಕೆಂದಿಲ್ಲ. ಊರು ಬಿಡುವವನಿಗೆ ಹೊಸ ನೆಲದಲ್ಲಿ ಬದುಕು ಕಟ್ಟಿಕೊಳ್ಳುವಷ್ಟು ನ್ಯಾಯ ಸಿಗಬೇಕು. ಉಳಿಯುವವನಿಗೆ ಮಳೆಗಾಲದ ದವಾಖಾನೆ ಸಿಗಬೇಕು. ಎಮ್ಮೆ ಸತ್ತರೆ ವಾರದೊಳಗೆ ಪರಿಹಾರ ಕೈಸೇರಬೇಕು. ಕಾಡಿನ ಇಂಚಿಂಚೂ ಬಲ್ಲ ಇಲ್ಲಿನ ಯುವಕರಿಗೆ ಕಾವಲಿನ ಕೆಲಸದಲ್ಲಿ ಮೊದಲ ಪಾಲು ಸಲ್ಲಬೇಕು. ಇವು ಯಾವುವೂ ಅಸಾಧ್ಯದ ಮಾತುಗಳಲ್ಲ. ಅಭಯಾರಣ್ಯ ಎಂಬ ಶಬ್ದದಲ್ಲಿ ‘ಅರಣ್ಯ’ಕ್ಕಿಂತ ಮೊದಲು ‘ಅಭಯ’ ಬರುತ್ತದೆ. ಅದು ಗುಹೆಯ ಬಾವಲಿಗೂ, ಓಣಿಯಲ್ಲಿ ಸಾಗುವ ಹುಲಿಗೂ, ಹೆಗಲ ಮೇಲೆ ರೋಗಿಯನ್ನು ಹೊತ್ತು ನಡೆಯುವ ಹಳ್ಳಿಗನಿಗೂ ಸಲ್ಲುವಂತಾದರೆ, ಕಾಡಿನ ಕೆಳಗೆ ಎರಡು ಕಡಲಿನವರೆಗೆ ಹಬ್ಬಿರುವ ನಮ್ಮೆಲ್ಲರ ನೀರೂ ಉಳಿದೀತು.